ಎರಡು ತಿಂಗಳ ಕೂದಲು, ಒಂದು ಕಟಿಂಗಿನ ದುಡ್ಡು

ಕೊರೊನಾದ ಮೊದಲ ಲಾಕ್‌ಡೌನ್ ಸಡಿಲವಾಗಿ ರಾಜ್ಯದ ಕಟಿಂಗ್ ಶಾಪುಗಳಿಗೆ ಬಾಗಿಲು ತೆರೆಯಲು ಒಪ್ಪಿಗೆ ಸಿಕ್ಕಿದ್ದು 2020ರ ಮೇ 19ರಂದು. ಮಾರ್ಚ್ 25ರಿಂದ ಎಣಿಸಿದರೆ ಅದಾಗಲೇ 55 ದಿನ ಕಳೆದಿತ್ತು. ತಮಾಷೆಯೆಂದರೆ ಆ ದಿನ ಮಂಗಳವಾರ. ಕರ್ನಾಟಕದಲ್ಲಿ ಮಂಗಳವಾರ ಕತ್ತರಿ ಮುಟ್ಟುವ ದಿನವಲ್ಲ. ಹುಣಸೂರಿನ ಬಸ್ ಸ್ಟ್ಯಾಂಡಿನ ಆಸುಪಾಸಿನಿಂದ ಹಿಡಿದು ಎಚ್.ಡಿ. ಕೋಟೆಯ ಕೊನೆಯ ಹಳ್ಳಿಯ ಒಂಟಿ ಕುರ್ಚಿಯ ಅಂಗಡಿಯವರೆಗೆ ಅವತ್ತು ವಾರದ ರಜೆ. ವಿಧಾನಸೌಧದಲ್ಲಿ ಕೂತು ದಿನ ಗೊತ್ತುಮಾಡಿದವರಿಗೆ ಇದು ಹೊಳೆದಿರಲಿಕ್ಕಿಲ್ಲ. ಅದೇ ಆದೇಶ ಭಾನುವಾರ ಇಡೀ ದಿನ ಕರ್ಫ್ಯೂ ಎಂದಿತು. ವಾರದ ಸಂಪಾದನೆಯ ದೊಡ್ಡ ಪಾಲು ಬರುವುದೇ ಭಾನುವಾರ. ಹಾಗಾಗಿ ಮೊದಲ ವಾರ ರಜೆಯ ದಿನ ತೆರೆದು, ದುಡಿಮೆಯ ದಿನ ಮುಚ್ಚಬೇಕಾದ ವಿಚಿತ್ರ ಲೆಕ್ಕ ಕ್ಷೌರಿಕರ ಪಾಲಿಗೆ ಬಂತು. ಎಂಟು ವಾರ ಕೈಕಟ್ಟಿ ಕೂತವರಿಗೆ ಮಂಗಳವಾರದ ನೇಮ ಪಾಲಿಸುವ ಐಷಾರಾಮವಾದರೂ ಎಲ್ಲಿತ್ತು?

ಆಗ ಎಲ್ಲ ಊರಿನಲ್ಲೂ ಒಂದು ಪ್ರಶ್ನೆ ಎದ್ದಿತ್ತು. ಬಾಯಿಬಿಟ್ಟು ಕೇಳಿದವರು ಕಡಿಮೆ. ಇಷ್ಟು ದಿನ ಅಂಗಡಿ ಮುಚ್ಚಿಕೊಂಡಿದ್ದವನಿಗೆ ಇವತ್ತು ಎಷ್ಟು ಕೊಡಬೇಕು? ಬೋರ್ಡಿನಲ್ಲಿ ಬರೆದಷ್ಟೋ, ಮೇಲೆ ಒಂದಿಷ್ಟೋ? ಮೇಲೆ ಕೊಟ್ಟರೆ ಅದು ಸಹಾಯವೋ, ಟಿಪ್ಸೋ, ದಾನವೋ? ಕೊಡುವವನಿಗೂ ಮುಜುಗರ, ತೆಗೆದುಕೊಳ್ಳುವವನಿಗೂ ಮುಜುಗರ. ಕೊನೆಗೆ ಬಹಳ ಜನ ಹಳೆಯ ರೇಟು ಕೊಟ್ಟು, 'ಎಲ್ಲಾ ಸರಿಹೋಯ್ತದೆ ಬುಡಿ' ಎಂದು ಸಮಾಧಾನ ಹೇಳಿ ಬಂದರು.

ನನ್ನ ಪ್ರಕಾರ ಇದು ಧರ್ಮದ ಪ್ರಶ್ನೆಯಲ್ಲ, ಗಣಿತದ ಪ್ರಶ್ನೆ. ತಿಂಗಳಿಗೊಮ್ಮೆ ತಪ್ಪದೆ ಕಟಿಂಗ್ ಮಾಡಿಸುವ ಗಿರಾಕಿ ಆ ಎಂಟು ವಾರದಲ್ಲಿ ಎರಡು ಸಲ ಕುರ್ಚಿಯ ಮೇಲೆ ಕೂರಬೇಕಿತ್ತು. ಕೂದಲು ಲಾಕ್‌ಡೌನ್ ಕೇಳಲಿಲ್ಲ, ಬೆಳೆಯಿತು. ಅಂಗಡಿ ತೆರೆದಾಗ ಎರಡು ತಿಂಗಳ ಕೂದಲನ್ನು ಹೊತ್ತುಕೊಂಡು ಹೋಗಿ ಒಂದೇ ಪಟ್ಟಿನಲ್ಲಿ ತೆಗೆಸಿಕೊಂಡು ಒಂದು ಕಟಿಂಗಿನ ದುಡ್ಡು ಕೊಟ್ಟು ಎದ್ದ. ಕ್ಷೌರಿಕನಿಗೆ ಕೆಲಸ ಜಾಸ್ತಿ, ಹೊತ್ತು ಜಾಸ್ತಿ, ಕೂಲಿ ಮಾತ್ರ ಅಷ್ಟೇ. ಮನೆಯಲ್ಲಿ ಹೆಂಡತಿಯ ಕೈಗೆ ಟ್ರಿಮ್ಮರ್ ಕೊಟ್ಟು ತಲೆಯಲ್ಲಿ ಮೆಟ್ಟಿಲು ಮಾಡಿಸಿಕೊಂಡು ಬಂದವರದಂತೂ ಸರಿಪಡಿಸುವ ಕೆಲಸ ಬೇರೆ. ಒಂದೂವರೆ ಪಟ್ಟು ಕೊಟ್ಟರೂ ಗಿರಾಕಿಗೆ ಲಾಭವೇ.

ಬಟ್ಟೆ ಅಂಗಡಿಯವನಿಗೂ ಆ ಎರಡು ತಿಂಗಳು ನಷ್ಟವಾಯಿತು, ನಿಜ. ಆದರೆ ಅವನ ಸೀರೆ ಬೀರುವಿನಲ್ಲೇ ಇತ್ತು. ಯುಗಾದಿಗೆ ಹೋಗದ್ದು ಗೌರಿಹಬ್ಬಕ್ಕೆ ಹೋದೀತು. ಕೈಕೆಲಸ ಮಾರುವವನ ಬಳಿ ದಾಸ್ತಾನು ಇರುವುದಿಲ್ಲ. ಏಪ್ರಿಲ್ ತಿಂಗಳ ಒಂದು ಭಾನುವಾರದ ದುಡಿಮೆಯನ್ನು ಜೂನ್ ತಿಂಗಳಲ್ಲಿ ತೆಗೆದು ಮಾರಲು ಬರುವುದಿಲ್ಲ. ವಿಪರ್ಯಾಸವೆಂದರೆ ಈ ವ್ಯತ್ಯಾಸವನ್ನು ಸರ್ಕಾರವೇ ಸ್ಪಷ್ಟವಾಗಿ ಹೇಳಿತ್ತು, ಬೇರೆ ಕಾರಣಕ್ಕೆ. 2020ರ ಏಪ್ರಿಲ್ ಕೊನೆಯ ವಾರ ಕೇಂದ್ರ ಗೃಹ ಸಚಿವಾಲಯ ಬಿಡಿ ಅಂಗಡಿಗಳನ್ನು ತೆರೆಯಬಹುದು ಎಂದಾಗ ಸಲೂನುಗಳೂ ಸೇರಿದವೇ ಎಂಬ ಗೊಂದಲವೆದ್ದಿತು. ಸೇರುವುದಿಲ್ಲ, ಈ ಆದೇಶ ವಸ್ತು ಮಾರುವ ಅಂಗಡಿಗಳಿಗೆ, ಕ್ಷೌರದಂಗಡಿ ಕೊಡುವುದು ಸೇವೆ ಎಂದು ಸಚಿವಾಲಯ ಏಪ್ರಿಲ್ 25ರಂದು ತಿಳಿಸಿತು. ಮುಚ್ಚಿಸುವಾಗ ನೆನಪಾದ ಈ ವ್ಯತ್ಯಾಸ ಪರಿಹಾರ ಕೊಡುವಾಗ ಅಷ್ಟಾಗಿ ನೆನಪಾಗಲಿಲ್ಲ. ಮೇ 4ಕ್ಕೆ ರಾಜ್ಯದಲ್ಲಿ ಮದ್ಯದಂಗಡಿಗಳು ತೆರೆದವು. ಕ್ಷೌರದಂಗಡಿ ಇನ್ನೂ ಎರಡು ವಾರ ಕಾಯಿತು.

ಮೈಸೂರು ಜಿಲ್ಲೆಯ ಹುಣಸೂರು, ಎಚ್.ಡಿ. ಕೋಟೆ, ಕೆ.ಆರ್. ನಗರ, ಪಿರಿಯಾಪಟ್ಟಣ ಈ ನಾಲ್ಕು ತಾಲ್ಲೂಕುಗಳ ಪಾಡು ಬೇರೆಡೆಗಿಂತ ಒಂದು ಕೈ ಹೆಚ್ಚು. ನಂಜನಗೂಡಿನ ಜುಬಿಲೆಂಟ್ ಔಷಧ ಕಾರ್ಖಾನೆಯ ಸುತ್ತ ಸೋಂಕು ಹಬ್ಬಿ ಇಡೀ ಜಿಲ್ಲೆ ಕೆಂಪು ವಲಯಕ್ಕೆ ಸೇರಿತ್ತು. ಕಾವೇರಿ ದಂಡೆಯ ಕೆ.ಆರ್. ನಗರಕ್ಕೂ ನಂಜನಗೂಡಿಗೂ ಎಷ್ಟು ದೂರವೆಂದು ವಲಯದ ನಕ್ಷೆ ಕೇಳುವುದಿಲ್ಲ. ಎರಡನೆಯ ಅಲೆಯಲ್ಲಿ ಇನ್ನೂ ಕಷ್ಟ. 2021ರ ಏಪ್ರಿಲ್ 27ರ ರಾತ್ರಿ ರಾಜ್ಯ ಮತ್ತೆ ಬಾಗಿಲು ಹಾಕಿತು. ಜೂನ್ 14ಕ್ಕೆ ಬಹುಪಾಲು ಜಿಲ್ಲೆಗಳಿಗೆ ಸಡಿಲಿಕೆ ಸಿಕ್ಕಿತು, ಮೈಸೂರಿಗೆ ಇಲ್ಲ. ಜೂನ್ 21ಕ್ಕೆ ಜಿಲ್ಲೆಗಳನ್ನು ಮೂರು ಗುಂಪು ಮಾಡಿದಾಗ ಕಟ್ಟುನಿಟ್ಟಿನ ಮೂರನೆಯ ಗುಂಪಿನಲ್ಲಿ ಉಳಿದದ್ದು ಒಂದೇ ಜಿಲ್ಲೆ, ಅದು ಮೈಸೂರು. ಪಕ್ಕದ ಜಿಲ್ಲೆಗಳಲ್ಲಿ ಶಟರ್ ಎತ್ತಿದ ಸುದ್ದಿಯನ್ನು ಪಿರಿಯಾಪಟ್ಟಣದವರು ಟೀವಿಯಲ್ಲಿ ನೋಡುತ್ತ ಕೂತಿದ್ದರು. ಒಂದೂಕಾಲು ವರ್ಷದೊಳಗೆ ಎರಡು ಸಲ, ಸಲಕ್ಕೆ ಸುಮಾರು ಎಂಟು ವಾರ ಅಥವಾ ಅದಕ್ಕೂ ಹೆಚ್ಚು. ಮಧ್ಯದಲ್ಲಿ ಬಿಡಿ ಭಾನುವಾರಗಳ ಕರ್ಫ್ಯೂ ಲೆಕ್ಕಕ್ಕಿಲ್ಲ.

ಸರ್ಕಾರ ಏನೂ ಕೊಡಲಿಲ್ಲ ಎನ್ನುವಂತಿಲ್ಲ. 2020ರ ಮೇ 6ರಂದು ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ 1,610 ಕೋಟಿ ರೂಪಾಯಿಯ ಪ್ಯಾಕೇಜ್ ಘೋಷಿಸಿದರು. ಅದರಲ್ಲಿ ಸುಮಾರು 2.30 ಲಕ್ಷ ಕ್ಷೌರಿಕರಿಗೆ, 60 ಸಾವಿರ ಅಗಸರಿಗೆ, 7.75 ಲಕ್ಷ ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ, ಒಂದು ಸಲಕ್ಕೆ.  2021ರ ಮೇ 19ರ 1,250 ಕೋಟಿಯ ಪ್ಯಾಕೇಜಿನಲ್ಲಿ ಚಾಲಕರಿಗೆ 3,000, ಕ್ಷೌರಿಕರೂ ಸೇರಿದಂತೆ ಟೈಲರ್, ಹಮಾಲಿ, ಕುಂಬಾರ, ಮೆಕ್ಯಾನಿಕ್, ಮನೆಗೆಲಸದವರಿಗೆ 2,000. ಭಾಗಿಸಿ ನೋಡಿ. ಮೊದಲ ಸಲ ದಿನಕ್ಕೆ 91 ರೂಪಾಯಿ, ಎರಡನೆಯ ಸಲ 40ರ ಒಳಗೆ. ಇದು ಕೈಗೆ ಸಿಕ್ಕವರ ಲೆಕ್ಕ. ಸೇವಾ ಸಿಂಧು ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು, ಆಧಾರ್ ಮತ್ತು ಬ್ಯಾಂಕ್ ಖಾತೆ ಹೊಂದಬೇಕು, ತಾನು ಇದೇ ಕಸುಬಿನವನು ಎಂದು ಯಾರಾದರೂ ದೃಢೀಕರಿಸಬೇಕು. ನಲವತ್ತು ವರ್ಷ ಇಡೀ ಊರಿನ ತಲೆ ಮುಟ್ಟಿದವನು ತಾನು ಕ್ಷೌರಿಕನೆಂದು ಕಾಗದದಲ್ಲಿ ತೋರಿಸಬೇಕಾಯಿತು. ಸ್ವಂತ ಅಂಗಡಿಯಿಲ್ಲದೆ ಬೇರೊಬ್ಬರ ಅಂಗಡಿಯ ಎರಡನೆಯ ಕುರ್ಚಿಯಲ್ಲಿ ದುಡಿಯುವ ಹುಡುಗನಿಗೆ ಆ ಕಾಗದ ಇನ್ನೂ ದೂರ.

ಇಂಥ ಮುಚ್ಚುಗಡೆ ನೂರು ವರ್ಷದ ಹಿಂದೆ ಬಂದಿದ್ದರೆ ಏನಾಗುತ್ತಿತ್ತು? ಕುತೂಹಲದ ಪ್ರಶ್ನೆ. ಆಗ ಹಳ್ಳಿಯ ಕ್ಷೌರಿಕ ತಲೆಗಿಷ್ಟು ಎಂದು ದುಡ್ಡು ಎಣಿಸುತ್ತಿರಲಿಲ್ಲ. ಅವನು ಆಯಗಾರ. ಇಷ್ಟು ಒಕ್ಕಲು ಮನೆ ಅವನ ಪಾಲಿಗೆ. ವರ್ಷವಿಡೀ ಆ ಮನೆಗಳ ಗಂಡಸರ ಕ್ಷೌರ, ಮದುವೆ ಮುಂಜಿ, ಸಾವಿನ ಮನೆಯ ಕೆಲಸ ಅವನದು. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಮನೆಗಿಷ್ಟು ಭತ್ತ ಅಥವಾ ರಾಗಿ, ಒಂದಿಷ್ಟು ಹುಲ್ಲು. 1948ರಲ್ಲಿ ಮೈಸೂರಿನ ಸಮೀಪದ ಹಳ್ಳಿಯೊಂದರಲ್ಲಿ ಉಳಿದು, ಅದಕ್ಕೆ 'ರಾಂಪುರ' ಎಂದು ಹೆಸರಿಟ್ಟು ಬರೆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಈ ಕಾಳುಕಡ್ಡಿಯ ಲೆಕ್ಕಾಚಾರವನ್ನು ಕಣ್ಣಾರೆ ಕಂಡು ದಾಖಲಿಸಿದ್ದಾರೆ. ಈ ಪದ್ಧತಿಯಲ್ಲಿ ಒಂದು ದೊಡ್ಡ ಅನುಕೂಲವಿತ್ತು. ಸಂದಾಯ ವರ್ಷಕ್ಕೆ, ತಲೆಗಲ್ಲ. ಊರಿಗೆ ಪ್ಲೇಗು ಬಂದು ಜನ ಹೊಲದಲ್ಲಿ ಗುಡಿಸಲು ಹಾಕಿಕೊಂಡ ವರ್ಷವೂ ಸುಗ್ಗಿ ಆದರೆ ಕ್ಷೌರಿಕನ ಪಾಲು ಹುಟ್ಟುತ್ತಿತ್ತು. ಕೆಲಸ ನಿಂತ ತಿಂಗಳ ಹೊರೆಯನ್ನು ಊರು ಹಂಚಿಕೊಳ್ಳುತ್ತಿತ್ತು.

ಇಷ್ಟು ಹೇಳಿ ನಿಲ್ಲಿಸಿದರೆ ಹಳೆಯ ಕಾಲ ಚಿನ್ನದಂತೆ ಕಾಣುತ್ತದೆ. ಚಿನ್ನವಾಗಿರಲಿಲ್ಲ. ಅದೇ ಆಯ ಕ್ಷೌರಿಕನನ್ನು ಊರಿಗೆ ಕಟ್ಟಿಹಾಕಿತ್ತು. ಕರೆದಾಗ ಹೋಗಬೇಕು, ಜಗಲಿಯ ಕೆಳಗೆ ನಿಲ್ಲಬೇಕು, ಯಾರ ತಲೆ ಮುಟ್ಟಬಹುದು ಯಾರದು ಮುಟ್ಟಬಾರದು ಎಂಬುದನ್ನು ಕಾಳು ಅಳೆಯುವವರು ಹೇಳುತ್ತಿದ್ದರು. ಆ ನೆರಳು ಇನ್ನೂ ಪೂರ್ತಿ ಸರಿದಿಲ್ಲ. ಲಾಕ್‌ಡೌನ್ ಮುಗಿದು ಕೆಲವೇ ತಿಂಗಳಲ್ಲಿ, 2020ರ ನವೆಂಬರಿನಲ್ಲಿ, ನಂಜನಗೂಡು ತಾಲ್ಲೂಕಿನ ಹಲ್ಲರೆಯಿಂದ ಬಂದ ಸುದ್ದಿ ನೆನಪಿರಬಹುದು. ಪರಿಶಿಷ್ಟರ ಕೂದಲು ಕತ್ತರಿಸಿದ್ದಕ್ಕೆ ತಮ್ಮ ಕುಟುಂಬಕ್ಕೆ ಬಹಿಷ್ಕಾರ ಹಾಕಿ 50,000 ರೂಪಾಯಿ ದಂಡ ಕೇಳಿದ್ದಾರೆಂದು ಅಲ್ಲಿನ ಕ್ಷೌರಿಕರೊಬ್ಬರು ದೂರಿದ್ದರು. ನಗದು ದುಡ್ಡಿನ, ಕನ್ನಡಿ ಕುರ್ಚಿಯ ಅಂಗಡಿಯನ್ನು ತಾಲ್ಲೂಕು ಕೇಂದ್ರದಲ್ಲಿ ತೆರೆದವರು ಓಡಿಬಂದದ್ದು ಇದರಿಂದಲೇ. ಇಲ್ಲಿ ಕುರ್ಚಿಯ ಮೇಲೆ ಯಾರು ಕೂತರೂ ಗಿರಾಕಿ. ಹಿಂದುಳಿದ ಜಾತಿಗಳ ರಾಜಕಾರಣಕ್ಕೆ ಹೊಸ ದಿಕ್ಕು ಕೊಟ್ಟ ದೇವರಾಜ ಅರಸರ ಕಲ್ಲಹಳ್ಳಿ ಹುಣಸೂರು ತಾಲ್ಲೂಕಿನದೇ. ಅವರ ಹೆಸರಿನ ನಿಗಮದಿಂದ ಸಾಲ ಪಡೆದು ಕುರ್ಚಿ, ಕನ್ನಡಿ ಕೊಂಡ ಸವಿತಾ ಸಮಾಜದ ಹುಡುಗರಿಗೆ ಹಳ್ಳಿಯ ಕಣಕ್ಕೆ ಮರಳುವ ಆಸೆ ಇರಲಾರದು, ಇರಬೇಕಾಗಿಯೂ ಇಲ್ಲ.

ಆದರೆ ಆ ಬಿಡುಗಡೆಗೆ ಒಂದು ಬೆಲೆ ತೆತ್ತಿದ್ದಾರೆ. ತಲೆಗಿಷ್ಟು ಎಂದಾದ ಮೇಲೆ ಊರಿಗೆ ಹಂಚಿಹೋಗಿದ್ದ ಅಪಾಯವೆಲ್ಲ ಅವರೊಬ್ಬರ ಹೆಗಲಿಗೆ ಬಂತು. ಮಳೆ ಬಂದರೆ, ಬಂದ್ ಆದರೆ, ಕೊರೊನಾ ಬಂದರೆ ಗಿರಾಕಿಗೆ ನಷ್ಟವಿಲ್ಲ. ಅಂಗಡಿ ಬಾಡಿಗೆ, ಕರೆಂಟ್ ಬಿಲ್ಲು, ಸಂಘದ ಸಾಲದ ಕಂತು ಎಲ್ಲ ಅಂಗಡಿಯವನಿಗೆ. ಮುಚ್ಚಿದ ಕಾಲ ಮುಗಿದ ಮೇಲೆ ಗಿರಾಕಿ ಮೇಲಿಷ್ಟು ಕೊಡಬೇಕು ಎನ್ನುವುದಕ್ಕೆ ನನಗೆ ಕಾಣುವ ಗಟ್ಟಿ ಕಾರಣ ಇದು. ಹಳೆಯ ಆಯದಲ್ಲಿದ್ದ ಭದ್ರತೆಯ ಒಂದು ಚೂರನ್ನು, ಅದರ ಗುಲಾಮಗಿರಿ ಕಳೆದು, ಕೊಡುವುದು. ಗುಲಾಮಗಿರಿ ಕಳೆದು ಎನ್ನುವುದೇ ಕಷ್ಟದ ಭಾಗ. ಕೊಟ್ಟ ಐವತ್ತು ರೂಪಾಯಿಗೆ 'ಬುದ್ದಿ' ಎನಿಸಿಕೊಳ್ಳುವ ಆಸೆ ನಮ್ಮ ಕಡೆಯವರಲ್ಲಿ ಇನ್ನೂ ಸತ್ತಿಲ್ಲ. ಲಾಕ್‌ಡೌನ್ ಹೊತ್ತಿನಲ್ಲಿ ಒಂದು ದಿನಸಿ ಕಿಟ್‌ಗೆ ಹತ್ತು ಜನ ಕೈ ಹಚ್ಚಿ ಫೋಟೊ ತೆಗೆಸಿಕೊಂಡದ್ದನ್ನು ನೋಡಿದ್ದೇವಲ್ಲ.

ಹೋಟೆಲಿನಲ್ಲಿ ಈ ಸಮಸ್ಯೆ ಇಲ್ಲ. ಸಪ್ಲೈಯರ್ ಮಾಲೀಕನಲ್ಲ ಎಂಬುದು ಎಲ್ಲರಿಗೂ ಗೊತ್ತು. ಬಿಲ್ಲಿನ ತಟ್ಟೆಯಲ್ಲಿ ಸೋಂಪಿನ ಜೊತೆ ಬಂದ ಚಿಲ್ಲರೆಯಲ್ಲಿ ಹತ್ತು ಬಿಟ್ಟು ಎದ್ದರೆ ಯಾರ ಮಾನವೂ ಹೋಗುವುದಿಲ್ಲ. ಟೇಬಲ್ ಒರೆಸುವ ಕ್ಲೀನರ್‌ಗೆ ಮಾತ್ರ ಅದು ತಲುಪುವುದಿಲ್ಲ, ಅದು ಬೇರೆ ಕತೆ. ಕಟಿಂಗ್ ಶಾಪಿನಲ್ಲಿ ಕತ್ತರಿ ಹಿಡಿದವನೇ ಎಷ್ಟೋ ಸಲ ಮಾಲೀಕ. ಮಾಲೀಕನಿಗೆ ಟಿಪ್ಸ್ ಕೊಡುವುದೆಂದರೆ ಕಿರಾಣಿ ಅಂಗಡಿಯ ಸಾಹುಕಾರನ ಕೈಗೆ ಐದು ರೂಪಾಯಿ ಇಟ್ಟಂತೆ, ಅವಮಾನ. ಹೀಗಾಗಿ ನಮ್ಮ ಸೀಮೆಯಲ್ಲಿ ಅದಕ್ಕೆ ಬೇರೆಯೇ ದಾರಿಗಳಿವೆ. ಮಗುವಿನ ಮೊದಲ ಕೂದಲು ತೆಗೆಸುವಾಗ ತಟ್ಟೆಯಲ್ಲಿ ಅಕ್ಕಿ, ಬೆಲ್ಲ, ತೆಂಗಿನಕಾಯಿ, ವೀಳ್ಯದೆಲೆ ಅಡಿಕೆ ಇಟ್ಟು ಮೇಲೆ ನೋಟು ಇಡುತ್ತಾರೆ. ಮದುವೆಗಂಡಿನ ಕ್ಷೌರಕ್ಕೆ ರೇಟು ಕೇಳುವವರಿಲ್ಲ, ಮನಸ್ಸು ಬಂದಷ್ಟು ಕೊಡುವುದೇ ಮರ್ಯಾದೆ. ಆಯುಧಪೂಜೆಯ ದಿನ ಅಂಗಡಿಗೆ ಹೋಗಿ ಬೂಂದಿ ತಿಂದವರು ಹುಡುಗರ ಕೈಗೆ ಏನಾದರೂ ಇಟ್ಟು ಬರುತ್ತಾರೆ. ಈ ಸಂದರ್ಭಗಳಲ್ಲಿ ಕೈ ಚಾಚುವವನೂ ಇಲ್ಲ, ಬೀಸಾಕುವವನೂ ಇಲ್ಲ. ತಟ್ಟೆ ಇದೆ, ವೀಳ್ಯವಿದೆ, ನೆಪವಿದೆ. ಎರಡು ತಿಂಗಳು ಬಾಗಿಲು ಹಾಕಿ ತೆರೆದ ಅಂಗಡಿಗೆ ಕಾಲಿಡುವುದೂ ಅಂಥ ನೆಪವಾಗಬಹುದಿತ್ತು. ಯಾರೂ ಅದಕ್ಕೊಂದು ಶಾಸ್ತ್ರ ಮಾಡಲಿಲ್ಲ, ಅಷ್ಟೇ.

ಇನ್ನು ದುಡ್ಡು ಯಾರ ಜೇಬಿಗೆ ಹೋಗುತ್ತದೆ ಎಂಬುದನ್ನು ತಿಳಿದು ಕೊಡುವುದು ಒಳ್ಳೆಯದು. ಮೂರ್ನಾಲ್ಕು ಕುರ್ಚಿಯ ಅಂಗಡಿಗಳಲ್ಲಿ ಬಹಳ ಕಡೆ ಪರ್ಸೆಂಟೇಜ್ ಲೆಕ್ಕ ನಡೆಯುತ್ತದೆ. ಜಾಗ, ಕುರ್ಚಿ, ಕ್ರೀಮು, ಬ್ಲೇಡು ಮಾಲೀಕನದು, ಕೈ ಕೆಲಸಗಾರನದು. ದಿನದ ಕೊನೆಗೆ ಅವನು ಮಾಡಿದ ಕೆಲಸದಲ್ಲಿ ಅರ್ಧವೋ, ಅದರ ಆಸುಪಾಸೋ ಅವನಿಗೆ. ತಿಂಗಳ ಸಂಬಳವಿಲ್ಲ, ಅಂಗಡಿ ಮುಚ್ಚಿದ ದಿನಕ್ಕೆ ಅರ್ಧವೂ ಇಲ್ಲ. ಇವರಲ್ಲಿ ಕೆಲವರು ದೂರದ ಜಿಲ್ಲೆಗಳಿಂದ, ಈಗೀಗ ಉತ್ತರದ ರಾಜ್ಯಗಳಿಂದ ಬಂದವರು; ಮುಚ್ಚಿದ ಕಾಲದಲ್ಲಿ ಊರಿಗೆ ಹೋಗಲೂ ಬಸ್ಸಿರಲಿಲ್ಲ. ಗಲ್ಲಾದಲ್ಲಿ ಕೂತವನಿಗೆ ನೂರೈವತ್ತು ಕೊಟ್ಟು 'ಚಿಲ್ಲರೆ ಬ್ಯಾಡ, ಇಟ್ಕಳಿ' ಎಂದರೆ ಅದು ಗಲ್ಲಾದ ದುಡ್ಡು. ಕತ್ತರಿ ಹಿಡಿದವನ ಕೈಗೇ ಕೊಟ್ಟರೆ ಅವನದು.

ಈಗ ಇನ್ನೊಂದು ತೊಡಕು ಸೇರಿಕೊಂಡಿದೆ. ಕೊರೊನಾ ಕಾಲದಲ್ಲಿ ನೋಟು ಮುಟ್ಟಲು ಹೆದರಿದ ಜನ ಫೋನಿನಲ್ಲೇ ದುಡ್ಡು ಹಾಕಲು ಕಲಿತರು. ಕನ್ನಡಿಯ ಪಕ್ಕ ಕ್ಯೂಆರ್ ಕೋಡ್ ಬಂತು. ಮೊದಲು ಎಂಬತ್ತು ರೂಪಾಯಿಗೆ ನೂರರ ನೋಟು ಕೊಟ್ಟರೆ ಇಪ್ಪತ್ತರಲ್ಲಿ ಹತ್ತಾದರೂ ಅಲ್ಲೇ ಉಳಿಯುತ್ತಿತ್ತು. ಈಗ ಎಂಬತ್ತು ಎಂದರೆ ಎಂಬತ್ತೇ ಹೋಗುತ್ತದೆ, ಪೈಸೆ ಸಮೇತ ಚುಕ್ತಾ. ದುಡ್ಡು ಬಂದಾಗ ಸೌಂಡ್‌ಬಾಕ್ಸ್ ಡಬ್ಬಿ ಗಟ್ಟಿಯಾಗಿ ಮೊತ್ತ ಕೂಗಿ ಹೇಳುವುದರಿಂದ ಅಂಗಡಿಯಲ್ಲಿದ್ದವರಿಗೆಲ್ಲ ಲೆಕ್ಕ ಗೊತ್ತಾಗುತ್ತದೆ, ಹೆಚ್ಚು ಹಾಕಿದರೂ ಅದು ಸೇರುವುದು ಮಾಲೀಕನ ಖಾತೆಗೆ. ಎರಡನೆಯ ಕುರ್ಚಿಯ ಹುಡುಗನ ಟೀ ಕಾಸು ಹೀಗೆ ಸದ್ದಿಲ್ಲದೆ ಮಾಯವಾಯಿತು. ಜೇಬಿನಲ್ಲಿ ನಾಲ್ಕು ಹತ್ತರ ನೋಟು ಇಟ್ಟುಕೊಂಡು ಓಡಾಡುವುದು ಹಳೆಯ ಕಾಲದವರ ಅಭ್ಯಾಸ ಎಂದು ನಗುವವರು ಇದನ್ನು ಗಮನಿಸಿದಂತಿಲ್ಲ.

ಟಿಪ್ಸಿಗಿಂತ ಮೊದಲು ತೀರಬೇಕಾದದ್ದು ಬಾಕಿ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಕಡೆ ವರ್ಷದ ದುಡ್ಡು ಓಡಾಡುವುದೇ ಹೊಗೆಸೊಪ್ಪಿನ ಲೆಕ್ಕದಲ್ಲಿ. ಸೊಪ್ಪು ಬೇಯಿಸಿ, ಗ್ರೇಡ್ ಮಾಡಿ, ತಂಬಾಕು ಮಂಡಳಿಯ ಹರಾಜು ಕಟ್ಟೆಗೆ ಬೇಲು ಸಾಗಿಸಿ, ಖಾತೆಗೆ ದುಡ್ಡು ಬೀಳುವ ಹೊತ್ತಿಗೆ ದಸರಾ ಕಳೆದಿರುತ್ತದೆ. ಅಲ್ಲಿಯತನಕ ಗೊಬ್ಬರದಂಗಡಿಯಲ್ಲಿ, ಟೀ ಅಂಗಡಿಯಲ್ಲಿ, ಹಳ್ಳಿಯ ಕ್ಷೌರದಂಗಡಿಯಲ್ಲೂ 'ಬರ್ಕಳಿ, ಸೊಪ್ಪು ಮಾರಿದ್ ಮ್ಯಾಲೆ ಕೊಡ್ತೀನಿ'. ಕೆ.ಆರ್. ನಗರದ ನೀರಾವರಿ ಕಡೆ ಅದೇ ಮಾತು ಭತ್ತದ ಹೆಸರಿನಲ್ಲಿ. ಮಾರ್ಚ್ ತಿಂಗಳಲ್ಲಿ ಹೀಗೆ ಬರೆಸಿಟ್ಟವರ ಸಾಲ ಲಾಕ್‌ಡೌನಿನ ಗದ್ದಲದಲ್ಲಿ ಮುಳುಗಿಯೇ ಹೋಯಿತು; ಅಂಗಡಿಯವನು ಕೇಳಲು ಸಂಕೋಚಪಟ್ಟ, ಕೊಡಬೇಕಾದವನು ಮರೆತಂತೆ ಇದ್ದ. ಮೂರು ಕಟಿಂಗಿನ ಬಾಕಿ ಉಳಿಸಿಕೊಂಡು ಹತ್ತು ರೂಪಾಯಿ ಟಿಪ್ಸ್ ಕೊಡುವ ಔದಾರ್ಯಕ್ಕೆ ಅರ್ಥವಿಲ್ಲ.

ಟಿಪ್ಸಿನ ಮಾತು ನಿಜವಾಗಿ ಜೋರಾಗುವುದು ಎಚ್.ಡಿ. ಕೋಟೆಯ ಕಬಿನಿ ದಂಡೆಯಲ್ಲಿ. ಕಾರಾಪುರದ ಸುತ್ತಮುತ್ತ ರೆಸಾರ್ಟುಗಳು ಎದ್ದ ಮೇಲೆ ಅಕ್ಕಪಕ್ಕದ ಹಳ್ಳಿಗಳ, ಹಾಡಿಗಳ ಹುಡುಗರು ರೂಂ ಬಾಯ್, ಅಡುಗೆ ಸಹಾಯಕ, ಜೀಪ್ ಚಾಲಕ, ತೋಟದ ಕೆಲಸಗಾರರಾದರು. ಅಲ್ಲಿ ಸಂಬಳ ಒಂದು ಭಾಗ, ಅತಿಥಿಗಳು ಬಿಟ್ಟುಹೋಗುವುದು ಇನ್ನೊಂದು ಭಾಗ. ಹುಲಿ ಕಂಡ ದಿನ ಚಾಲಕನ ಕೈ ಬೆಚ್ಚಗೆ, ಕಾಣದ ದಿನ ಅತಿಥಿಯ ಮುಖ ಸಣ್ಣದು. ಹುಲಿ ತನ್ನಿಷ್ಟಕ್ಕೆ ಬರುತ್ತದೆ ಎಂಬುದು ಇಬ್ಬರಿಗೂ ಗೊತ್ತು. ಕೊರೊನಾದ ಎರಡೂ ಮುಚ್ಚುಗಡೆಯಲ್ಲಿ ಈ ಎರಡನೆಯ ಭಾಗ ಸೊನ್ನೆಯಾಯಿತು. ಆಮೇಲೆ ಇನ್ನೊಂದು ಬಂತು. 2025ರ ಶರತ್ಕಾಲದಲ್ಲಿ ಸರಗೂರು ಭಾಗದಲ್ಲಿ ಹುಲಿ ದಾಳಿಗೆ ರೈತರು ಒಬ್ಬರ ಹಿಂದೊಬ್ಬರು ಬಲಿಯಾದಾಗ ಅರಣ್ಯ ಸಚಿವ ಈಶ್ವರ ಖಂಡ್ರೆ ನವೆಂಬರ್ 7ರಂದು ನಾಗರಹೊಳೆ ಮತ್ತು ಬಂಡೀಪುರದಲ್ಲಿ ಸಫಾರಿ, ಚಾರಣ ಎರಡನ್ನೂ ನಿಲ್ಲಿಸಲು ಆದೇಶಿಸಿದರು. ಸಫಾರಿಗೆ ಹೋಗುವ ಸಿಬ್ಬಂದಿಯನ್ನು ಹುಲಿ ಹುಡುಕುವ ಕಾರ್ಯಾಚರಣೆಗೆ ಹಚ್ಚಬೇಕಾಗಿತ್ತು.

ಆ ನಿರ್ಧಾರವನ್ನು ನಾನು ತಪ್ಪೆನ್ನಲಾರೆ. ಹೊಲಕ್ಕೆ ಹೋದವನು ಮನೆಗೆ ಬಾರದ ಊರಿನಲ್ಲಿ ಸಫಾರಿ ಜೀಪಿನ ಸದ್ದು ಯಾರಿಗಾದರೂ ಸಿಟ್ಟು ತರಿಸುತ್ತದೆ. ಆದರೆ ಕ್ರಿಸ್ಮಸ್ ರಜೆಯ ಸೀಸನ್ನಿನ ಹೊಸ್ತಿಲಲ್ಲಿ ಬಂದ ಆ ಆದೇಶದ ಮೊದಲ ಪೆಟ್ಟು ಬಿದ್ದದ್ದು ದೂರದ ಊರಿನಲ್ಲಿ ಕೂತ ರೆಸಾರ್ಟ್ ಮಾಲೀಕರ ಮೇಲಲ್ಲ, ಅದೇ ಸರಗೂರು, ಎಚ್.ಡಿ. ಕೋಟೆಯ ರೂಂ ಬಾಯ್ ಮೇಲೆ. ಹುಲಿಗೆ ಹೆದರಿದ ಊರೂ, ಹುಲಿಯಿಂದ ಉಣ್ಣುತ್ತಿದ್ದ ಊರೂ ಒಂದೇ. ಇಂಥ ಬಿಡುವಿನ ಬಳಿಕ ಹೋಗುವ ಅತಿಥಿಗಳು ತಿಳಿದಿರಬೇಕಾದ ಒಂದು ವಿಷಯವಿದೆ. ಜೀಪ್ ಚಾಲಕನ ಕೈಗೆ ಐನೂರು ಕೊಟ್ಟರೆ ಪಾತ್ರೆ ತೊಳೆಯುವ ಹೆಂಗಸಿಗೆ ಬಿಡಿಗಾಸೂ ಹೋಗದು. ಎಲ್ಲರಿಗೂ ಹಂಚುವ ಡಬ್ಬಿ ಇರುವ ಕಡೆ ಅದರಲ್ಲಿ ಹಾಕುವುದು ಹೆಚ್ಚು ನ್ಯಾಯ. ಹೇಗೆ ಹಂಚುತ್ತೀರಿ ಎಂದು ಕೌಂಟರಿನಲ್ಲಿ ಕೇಳಿದರೆ ತಪ್ಪೇನಿಲ್ಲ. ಕೇಳುವವರಿದ್ದಾರೆಂದು ಗೊತ್ತಾದರೆ ಹಂಚಿಕೆಯೂ ಸರಿಯಾದೀತು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಡಬ್ಬಿಯೂ ಇಲ್ಲ, ಸಂಬಳವೂ ಇಲ್ಲ. ಟಿಬೆಟನ್ನರ ಚಿನ್ನದ ದೇಗುಲ ಕೊರೊನಾ ಕಾಲದಲ್ಲಿ ಪ್ರವಾಸಿಗರಿಗೆ ಬಾಗಿಲು ಹಾಕಿದಾಗ ಕುಶಾಲನಗರದಿಂದ ಅಲ್ಲಿಗೆ ಬಾಡಿಗೆ ಹೊಡೆಯುತ್ತಿದ್ದ ಆಟೊದವರು, ಬಾಗಿಲಲ್ಲಿ ಜೋಳ ಸುಡುತ್ತಿದ್ದವರು ಯಾವ ರೆಸಾರ್ಟಿನ ಪಟ್ಟಿಯಲ್ಲೂ ಇರಲಿಲ್ಲ.

ಟಿಪ್ಸನ್ನು ಹೊಗಳುತ್ತ ಹೋದರೆ ಅಪಾಯವೂ ಇದೆ. ಅಮೆರಿಕದಲ್ಲಿ ಟಿಪ್ಸ್ ಪಡೆಯುವ ಕೆಲಸಗಾರರಿಗೆ ಮಾಲೀಕ ತನ್ನ ಕೈಯಿಂದ ಕೊಡಬೇಕಾದ ಕನಿಷ್ಠ ಕೂಲಿಯನ್ನು ಕೇಂದ್ರ ಕಾನೂನು ಗಂಟೆಗೆ 2.13 ಡಾಲರ್ ಎಂದು 1991ರಲ್ಲಿ ನಿಲ್ಲಿಸಿದ್ದು ಇಂದಿಗೂ ಮೇಲೆದ್ದಿಲ್ಲ. ಮಿಕ್ಕದ್ದನ್ನು ಗಿರಾಕಿ ತುಂಬಲಿ ಎಂಬ ಏರ್ಪಾಡು. ರಾಜ್ಯಗಳು ಕೆಲವು ಹೆಚ್ಚು ಕೊಡಿಸುತ್ತವೆ, ಆ ಮಾತು ಬೇರೆ. ಗಿರಾಕಿಯ ಮನಸ್ಸನ್ನು ನಂಬಿ ಸಂಬಳ ಕಡಿಮೆ ಮಾಡುವ ದಾರಿ ನಮ್ಮ ಹೋಟೆಲುಗಳಿಗೂ ತಿಳಿಯದ್ದಲ್ಲ. ದೊಡ್ಡ ಹೋಟೆಲುಗಳು ಬಿಲ್ಲಿನಲ್ಲೇ ಸರ್ವಿಸ್ ಚಾರ್ಜ್ ಸೇರಿಸುತ್ತಿದ್ದವು. ಅದನ್ನು ತಾವಾಗಿ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು, 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಒಳ್ಳೆಯದೇ ಆಯಿತು. ಬಿಲ್ಲಿನಲ್ಲಿ ಬಂದದ್ದು ಸಪ್ಲೈಯರ್‌ನ ಕೈಗೆ ಬಂತೋ ಇಲ್ಲವೋ ಗಿರಾಕಿಗೆ ತಿಳಿಯುತ್ತಿರಲಿಲ್ಲ. ಅಂಗಡಿ ಮುಚ್ಚಿದ ಕಾಲದ ನಷ್ಟವನ್ನು ಸಾಲದ ಯೋಜನೆಗಳೂ ತುಂಬವು. 2023ರಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕ್ಷೌರಿಕರದೂ ಒಂದು. ಉಪಕರಣಕ್ಕೆ 15,000 ರೂಪಾಯಿ ನೆರವು, ಕಡಿಮೆ ಬಡ್ಡಿಗೆ ಮೊದಲು 1 ಲಕ್ಷ, ತೀರಿಸಿದರೆ ಮತ್ತೆ 2 ಲಕ್ಷ ಸಾಲ. ತೆರೆದ ಅಂಗಡಿಗೆ ಇದು ಉಪಯೋಗ. ಮುಚ್ಚಿದ ಅಂಗಡಿಯಲ್ಲಿ ಸಾಲವೆಂದರೆ ಇನ್ನೊಂದು ಕಂತು.

ಮತ್ತೆ 2020ರ ಮೇ ತಿಂಗಳಿಗೆ ಬರುತ್ತೇನೆ. ಬಾಗಿಲು ತೆರೆದ ಮೊದಲ ಹತ್ತು ದಿನ ಅಂಗಡಿಗಳ ಮುಂದೆ ಸಾಲು ನಿಂತಿತ್ತು. ಪಕ್ಕದ ತಮಿಳುನಾಡಿನಲ್ಲಿ ಕಟಿಂಗ್ ಮಾಡಿಸಲು ಆಧಾರ್ ಕಾರ್ಡ್ ತರಬೇಕೆಂಬ ನಿಯಮ ಬಂದು ಜನ ನಕ್ಕಿದ್ದು ಅದರ ಬೆನ್ನಿಗೇ. ಇಲ್ಲಿ ಟವೆಲ್ ಮನೆಯಿಂದ ತನ್ನಿ ಎಂಬ ಚೀಟಿ ಅಂಟಿಸಿದವರು ಎಷ್ಟೋ ಜನ. ಸಾಲು ನೋಡಿದವರು 'ಎಲ್ಲಾ ಒಂದೇ ಸಲ ವಸೂಲಾಯ್ತು ಇವ್ರಿಗೆ' ಎಂದರು. ಆಗಲಿಲ್ಲ. ಬೆಳೆದ ಕೂದಲು ಒಂದು ಸಲ ತೆಗೆದ ಮೇಲೆ ಅಂಗಡಿ ಖಾಲಿ ಹೊಡೆಯಿತು. ಶಾಲೆ ಶುರುವಾಗಲಿಲ್ಲ, ಹಾಗಾಗಿ ಜೂನ್ ತಿಂಗಳ ಮಕ್ಕಳ ಕಟಿಂಗ್ ಇಲ್ಲ. ಮದುವೆಗೆ ಐವತ್ತೇ ಜನ. ಜಾತ್ರೆ ಇಲ್ಲ, ಕಾಲೇಜಿಲ್ಲ, ಆಫೀಸಿಗೆ ಹೋಗುವವರು ಮನೆಯಲ್ಲಿ. ಶೇವಿಂಗಿಗೆ ಮಾಸ್ಕ್ ತೆಗೆಯಬೇಕೆಂದು ಹೆದರಿ ಜನ ಗಡ್ಡ ಬಿಟ್ಟರು, ಟ್ರಿಮ್ಮರ್ ಕೊಂಡವರು ಅದನ್ನು ಹಿಂದಿರುಗಿಸಲಿಲ್ಲ. ಊರಿನ ಬ್ಯೂಟಿ ಪಾರ್ಲರಿನ ಹೆಣ್ಣುಮಕ್ಕಳಿಗೆ ಮದುವೆ ಅಲಂಕಾರವೇ ಮುಖ್ಯ ಸಂಪಾದನೆ. ಅವರಿಗೆ ಆ ಮೊದಲ ಹತ್ತು ದಿನದ ಸಾಲು ಕೂಡ ಬರಲಿಲ್ಲ. ಅಂದರೆ ಮೇಲಿಷ್ಟು ಕೊಡುವವರು ಕೊಡಬೇಕಾಗಿದ್ದು ಬಾಗಿಲು ತೆರೆದ ವಾರದಲ್ಲಿ ಮಾತ್ರವಲ್ಲ. ಮೂರನೆಯ ತಿಂಗಳು, ನಾಲ್ಕನೆಯ ತಿಂಗಳು ಅದರ ಅಗತ್ಯ ಹೆಚ್ಚಿತ್ತು, ಆಗ ಯಾರಿಗೂ ನೆನಪಿರಲಿಲ್ಲ.

ಅಷ್ಟರಲ್ಲಿ ಅಂಗಡಿಗಳ ಗೋಡೆಯ ಮೇಲೆ ಹೊಸ ದರಪಟ್ಟಿ ಬಂತು. ಸ್ಯಾನಿಟೈಸರ್, ಬಿಸಾಡುವ ಹೊದಿಕೆ, ಏರಿದ ಬ್ಲೇಡಿನ ಬೆಲೆ ಎಲ್ಲ ಸೇರಿ ಹತ್ತೋ ಇಪ್ಪತ್ತೋ ಹೆಚ್ಚು. ತಾಲ್ಲೂಕಿನ ಕ್ಷೌರಿಕರ ಸಂಘದ ಹೆಸರಿನಲ್ಲಿ ಅಚ್ಚು ಹಾಕಿಸಿ ಎಲ್ಲ ಅಂಗಡಿಯಲ್ಲೂ ಒಂದೇ ರೇಟು ಹಚ್ಚುವುದು ಇಲ್ಲಿನ ಹಳೆಯ ರೂಢಿ, ಗಿರಾಕಿ ಚೌಕಾಸಿ ಮಾಡಬಾರದೆಂದು. ಆದರೂ ಚೌಕಾಸಿ ನಡೆಯಿತು. ಮೇ ತಿಂಗಳಲ್ಲಿ ಇಪ್ಪತ್ತು ರೂಪಾಯಿ ಮೇಲೆ ಕೊಟ್ಟು 'ಪಾಪ' ಎಂದವರಲ್ಲೇ ಕೆಲವರು ಆಗಸ್ಟಿನಲ್ಲಿ ದರಪಟ್ಟಿಯ ಮುಂದೆ ನಿಂತು ಹತ್ತು ರೂಪಾಯಿಗೆ ತಗಾದೆ ತೆಗೆದರು. ತಾನಾಗಿ ಕೊಟ್ಟರೆ ದೊಡ್ಡತನ, ಅವನು ಕೇಳಿದರೆ ದುರಾಸೆ. ಪಟ್ಟಿಯ ಆ ಹತ್ತು ರೂಪಾಯಿ ವರ್ಷಕ್ಕೆ ಹನ್ನೆರಡು ಸಲ, ಕುರ್ಚಿಯ ಮೇಲೆ ಕೂರುವ ಎಲ್ಲರಿಂದ, ತಲೆ ಬಗ್ಗಿಸದೆ ಬರುವ ದುಡ್ಡು. ಪರ್ಸೆಂಟೇಜ್ ಲೆಕ್ಕದಲ್ಲಿ ಅದರ ಅರ್ಧ ಎರಡನೆಯ ಕುರ್ಚಿಯ ಹುಡುಗನಿಗೂ ಸೇರುತ್ತದೆ. ನೂರು ರೂಪಾಯಿ ಟಿಪ್ಸ್ ಕೊಡಲು ಮನಸ್ಸಿದ್ದವರು ಮೊದಲು ಅದನ್ನು ಗೊಣಗದೆ ಕೊಡಲಿ, ಆಮೇಲೆ ಉಳಿದದ್ದು.